ಬಲಜೇಬಿನ ಗುಂಡಿಗಳು

ಬೆಳಗಿನ ಆರೂಮುಕ್ಕಾಲು. ಶಾಲೆಯ ಗೇಟಿನ ಕಾವಲುಗಾರ ಇನ್ನೂ ಹಲ್ಲುಜ್ಜುತ್ತಿದ್ದಾನೆ. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಹೆಂಗಸೊಬ್ಬರು ಮಂಡಿಯೂರಿ ಕೂತು ನೆಲವನ್ನು ಅಂಗೈಯಿಂದ ಸವರುತ್ತಿದ್ದಾರೆ. ಓಲೆ ಕಳೆದುಕೊಂಡಿರಬೇಕು ಅಂದುಕೊಂಡರೆ ತಪ್ಪು. ಕೆಲಸಕ್ಕೆ ಬರುವಾಗ ಓಲೆ ಹಾಕುವುದನ್ನು ಅವರು ಬಿಟ್ಟು ಆರು ವರ್ಷವಾಯಿತು. ಹುಡುಕುತ್ತಿರುವುದು ಸ್ಟೇಪ್ಲರ್ ಪಿನ್ನು, ಪೆನ್ಸಿಲ್ ಮೊನೆ, ಕುರ್ಚಿಯಿಂದ ಕಳಚಿದ ಮೊಳೆ. ಮಗುವಿನ ಬಾಯಿಗೋ ಅಂಗಾಲಿಗೋ ಸಿಗಬಾರದ್ದು ಏನೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಎದ್ದು, ಮೇಜಿನ ಮೂಲೆಗಳಿಗೆ ಸುತ್ತಿದ ಸ್ಪಂಜನ್ನು ಒತ್ತಿ ನೋಡುತ್ತಾರೆ. ಆಮೇಲೆ ಕಿಟಕಿ ಪಕ್ಕ ನಿಂತು ತಮ್ಮ ಉಗುರು ಕತ್ತರಿಸಿಕೊಳ್ಳುತ್ತಾರೆ, ಕೂದಲನ್ನು ಯಾರ ಕೈಗೂ ಸಿಗದಂತೆ ಬಿಗಿಯಾಗಿ ಗಂಟು ಹಾಕುತ್ತಾರೆ. ಸುಡುಬೇಸಿಗೆಯಲ್ಲೂ ತುಂಬುತೋಳಿನ ದಪ್ಪ ಅಂಗಿ. ಅದರೊಳಗಿನ ತೋಳುಗಳಲ್ಲಿ ಹಲ್ಲಿನ ಹತ್ತೊಂಬತ್ತು ಗುರುತುಗಳಿವೆ, ಕೇಳಿದರೆ ಯಾವುದು ಯಾರದೆಂದು ಹೇಳಬಲ್ಲರು.

ಕಾಗದದಲ್ಲಿ ಅವರು ಸಹಾಯಕ ಮನೋವಿಜ್ಞಾನಿ. ಶಾಲೆಯಲ್ಲಿ ‘ರಿಜಿಸ್ಟರ್ ಮೇಡಂ’. ಮನೆಯಲ್ಲಿ ಅಮ್ಮ ಅಕ್ಕಪಕ್ಕದವರಿಗೆ ‘ಟೀಚರ್’ ಎಂದಷ್ಟೇ ಹೇಳುತ್ತಾರೆ. ಹುಚ್ಚರ ಡಾಕ್ಟರಾ ಎಂದು ಯಾರಾದರೂ ಕೇಳಿಯಾರು, ಮಗಳಿಗೆ ಗಂಡು ಸಿಗದೇ ಹೋದೀತು ಎಂಬ ಅಂಜಿಕೆ. ಮಗಳಿಗೆ ಆ ಅಂಜಿಕೆ ಇಲ್ಲ. ಅವರ ಚಡಪಡಿಕೆಯೇ ಬೇರೆ, ಇವತ್ತಂತೂ ಅದು ವಿಪರೀತ. ಒಂದೆಡೆ ನಿಂತವರಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಕಾರಿಡಾರಿನ ಉದ್ದಕ್ಕೂ ತಿರುಗುತ್ತಿದ್ದಾರೆ. ಹನ್ನೊಂದೂವರೆಗೆ ಒಂದು ಸಭೆ ಇದೆ. ಒಂಬತ್ತು ವರ್ಷದ ಒಬ್ಬ ಹುಡುಗಿ ಈ ಶಾಲೆಯಲ್ಲಿ ಉಳಿಯುತ್ತಾಳೋ, ಮನೆ ಬಿಟ್ಟು ನಾಲ್ಕು ತಾಸು ದೂರದ ವಸತಿ ಕೇಂದ್ರಕ್ಕೆ ಹೋಗುತ್ತಾಳೋ ಎನ್ನುವುದು ಅಲ್ಲಿ ತೀರ್ಮಾನವಾಗುತ್ತದೆ.

ಆ ಹುಡುಗಿಗೆ ಅವಳಪ್ಪ ಇಟ್ಟ ಅಡ್ಡಹೆಸರು ಚಿನಕುರಳಿ. ಮಾತು ಹತ್ತು ಹನ್ನೆರಡು ಪದ, ಓದು ಬರಹ ಇನ್ನೂ ಹತ್ತಿಲ್ಲ. ಸಿಟ್ಟು ಬಂದರೆ ಪಕ್ಕದವರನ್ನು ಕಚ್ಚುತ್ತಾಳೆ, ಯಾರೂ ಸಿಗದಿದ್ದರೆ ಹಣೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾಳೆ. ಎರಡು ಶಾಲೆಗಳು ಈಗಾಗಲೇ ಅವಳಿಂದ ಕೈ ತೊಳೆದುಕೊಂಡಿವೆ. ಅಪ್ಪ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವವರು. ಮಗಳನ್ನು ಬಂದು ಕರೆದುಕೊಂಡು ಹೋಗಿ ಎಂಬ ಫೋನು ಬಂದಾಗಲೆಲ್ಲ ಅರ್ಧಕ್ಕೆ ಕೆಲಸ ಬಿಟ್ಟು ಓಡಿ, ಹಿಂದಿನ ಎರಡು ಅಂಗಡಿಗಳಲ್ಲಿ ಕೆಲಸ ಕಳೆದುಕೊಂಡಿದ್ದಾರೆ.

ಇಂಥ ಮಕ್ಕಳು ಈ ಶಾಲೆಯಲ್ಲಿ ಹನ್ನೊಂದು. ಎರಡು ಕೋಣೆ, ಇಬ್ಬರು ಟೀಚರು, ಒಬ್ಬ ಆಯಮ್ಮ, ವಾರಕ್ಕೊಮ್ಮೆ ಬರುವ ಹಿರಿಯ ಮನೋವಿಜ್ಞಾನಿ. ಉಳಿದ ದಿನಗಳಿಗೆಲ್ಲ ರಿಜಿಸ್ಟರ್ ಮೇಡಂ. ಯಾವುದೋ ಕಂಪನಿಯಲ್ಲಿ ಜನರನ್ನು ಆರಿಸುವ ಕೆಲಸ ಸಿಗುವವರೆಗೆ ಇರಲಿ ಎಂದು, ರಜೆ ಮೇಲೆ ಹೋದವರೊಬ್ಬರ ಜಾಗಕ್ಕೆ ಮೂರು ತಿಂಗಳ ಮಟ್ಟಿಗೆ ಬಂದವರು. ರಜೆಗೆ ಹೋದವರು ವಾಪಸ್ ಬರಲಿಲ್ಲ, ಇವರು ವಾಪಸ್ ಹೋಗಲಿಲ್ಲ. ಪೂರ್ಣ ಪ್ರಮಾಣದ ಮನೋವಿಜ್ಞಾನಿಯಾಗಲು ಇನ್ನೊಂದು ಕೋರ್ಸು ಮುಗಿಸಬೇಕು. ಎರಡು ಸಲ ಅರ್ಜಿ ಹಾಕಿದ್ದಾರೆ, ಎರಡು ಸಲವೂ ಸಂದರ್ಶನದಲ್ಲಿ ಬಿದ್ದಿದ್ದಾರೆ. ಮೂರನೆಯ ಅರ್ಜಿ ಚೀಲದಲ್ಲೇ ಇದೆ.

ಅವರ ಕೆಲಸದ ಜೀವಾಳ ರಿಜಿಸ್ಟರಿನ ಮೂರು ಕಾಲಂ. ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ದಿನಕ್ಕೆ ಎರಡು ಮೂರು ಪುಟ ಬರೆದರೆ, ಮೂರು ವಾರದಲ್ಲಿ ಮಗುವಿನ ಸಿಟ್ಟಿಗೊಂದು ಕಾರಣ ಮೆಲ್ಲಗೆ ತಲೆ ಎತ್ತುತ್ತದೆ. “ಯಾವ ಮಗೂನೂ ಸುಮ್ನೆ ಕಚ್ಚಲ್ಲ” ಎನ್ನುತ್ತಾರೆ ಮೇಡಂ. “ಬಾಯಲ್ಲಿ ಹೇಳೋಕೆ ಬಾರದ್ದನ್ನ ಹಲ್ಲಲ್ಲಿ ಹೇಳುತ್ತೆ. ನಾವು ಹಲ್ಲು ನೋಡ್ತೀವಿ, ಮಾತು ಕೇಳಿಸ್ಕೊಳ್ಳಲ್ಲ.”

ಚಿನಕುರಳಿ ಬಂದಾಗಲೂ ಮೇಡಂ ರಿಜಿಸ್ಟರ್ ಹಿಡಿದು ಮೂಲೆಯಲ್ಲಿ ಕೂತರು. ಮೂರು ವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ದಿನಕ್ಕೆ ಹದಿನಾಲ್ಕು ಸಲ, ಹದಿನೈದು ಸಲ. ಲೆಕ್ಕ ಕೊಟ್ಟರೂ ಕಚ್ಚುತ್ತಾಳೆ, ಆಟ ಕೊಟ್ಟರೂ ಕಚ್ಚುತ್ತಾಳೆ, ಸುಮ್ಮನೆ ಬಿಟ್ಟರೂ ಕಚ್ಚುತ್ತಾಳೆ. ನಲವತ್ತೊಂದು ಪುಟ ತುಂಬಿತು, ಕಾರಣ ಸಿಗಲಿಲ್ಲ. ಕಾರಣವಿಲ್ಲದ ಮಗು ಎಂದು ಬರೆದುಕೊಟ್ಟರೆ ವಸತಿ ಕೇಂದ್ರದ ಬಾಗಿಲು ತೆರೆದಂತೆಯೇ. ಅಷ್ಟರಲ್ಲಿ ಮೇಡಂಗೆ ಜ್ವರ ಬಂದು ಎರಡು ದಿನ ಮಲಗಿದರು.

ಮೂರನೆಯ ದಿನ ಬಂದಾಗ ಆಯಮ್ಮ, ಬಟ್ಟಲು ತೊಳೆಯುತ್ತಲೇ, ನೀವಿಲ್ಲದ ಎರಡು ದಿನ ಮಗು ಎಷ್ಟೋ ವಾಸಿಯಿತ್ತು, ದಿನಕ್ಕೆ ಎಂಟೊಂಬತ್ತು ಸಲ ಅಷ್ಟೇ ಎಂದರು. ಮೇಡಂಗೆ ಮೈಯೆಲ್ಲ ಉರಿಯಿತು. ಬರೆದುಕೊಳ್ಳದೆ ಅದು ಹೇಗೆ ಗೊತ್ತು ನಿಮಗೆ ಎಂದು ಕೇಳಿದರು.

“ಕಚ್ಚಿಸ್ಕೊಂಡವಳು ನಾನಲ್ವಾ ಮೇಡಂ” ಎಂದರು ಆಯಮ್ಮ.

ತಾವಿಲ್ಲದಾಗ ಕಡಿಮೆಯಾದದ್ದೇಕೆ ಎಂದು ಕೇಳಲು ಆ ಸಂಜೆ ಮೇಡಂ ಟೈರ್ ಅಂಗಡಿಗೆ ಹೋದರು. ಅಪ್ಪ ಹೇಳಿದ ಸಂಗತಿ ದೊಡ್ಡದೇನಲ್ಲ. ಹಳೆಯ ಶಾಲೆಯಲ್ಲಿ ಟೀಚರೊಬ್ಬರು ಇವಳನ್ನು ದಿಟ್ಟಿಸಿ ನೋಡಿ ಒಂದು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರಂತೆ. ಬರೆದಾದ ಮೇಲೆ ಇವಳನ್ನು ಎತ್ತಿಕೊಂಡು ಹೋಗಿ ಸಾಮಾನಿನ ಕೋಣೆಯಲ್ಲಿ ಕೂಡಿಹಾಕಿ, ಅಪ್ಪನಿಗೆ ಫೋನ್ ಮಾಡುತ್ತಿದ್ದರಂತೆ. ವರ್ಷವಿಡೀ ಹೀಗೆ. ಒಬ್ಬರು ತನ್ನನ್ನು ನೋಡಿ ಬರೆಯುತ್ತಿದ್ದಾರೆ ಎಂದರೆ ಮುಂದೆ ಏನಾಗುತ್ತದೆಂದು ಆ ಮಗುವಿಗೆ ಚೆನ್ನಾಗಿ ಗೊತ್ತಿತ್ತು.

“ನಲವತ್ತೊಂದು ಪುಟದಲ್ಲಿ ಫ್ಯಾನ್ ಸದ್ದು ಬರೆದಿದ್ದೆ, ಪಕ್ಕದ ಹುಡುಗ ಕೆಮ್ಮಿದ್ದು ಬರೆದಿದ್ದೆ” ಎನ್ನುತ್ತಾರೆ ಮೇಡಂ. “ನಾನು ಅಲ್ಲಿ ಕೂತಿದ್ದೆ ಅಂತ ಒಂದು ಕಡೆನೂ ಬರೆದಿರಲಿಲ್ಲ.”

ಹೇಳುವಾಗ ಅವರ ದನಿ ಸಣ್ಣಗಾಗುತ್ತದೆ. ನಾಚಿಕೆಯಾಗಿದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಹಿಂದಿನ ಸಭೆಯಲ್ಲಿ, ಮುಖ್ಯಶಿಕ್ಷಕಿಯ ಎದುರು, ಅಪ್ಪನ ಎದುರು, ಈ ಮೂರು ವಾರದ ಲೆಕ್ಕ ನಂಬಬೇಡಿ ಎಂದು ತಾವೇ ಹೇಳಿದರು. ಅಪ್ಪ ಗ್ರೀಸು ಹಿಡಿದ ತಮ್ಮ ಉಗುರುಗಳನ್ನೇ ನೋಡುತ್ತ ಕೂತರು. ಕೊನೆಗೆ ನಾಲ್ಕು ವಾರದ ಗಡುವು ಸಿಕ್ಕಿತು. ಷರತ್ತನ್ನು ಮೇಡಂ ತಾವೇ ಹಾಕಿಕೊಂಡರು: ಮಗು ಇರುವಾಗ ಆ ಕೋಣೆಗೆ ತಾವು ಕಾಲಿಡುವುದಿಲ್ಲ.

ಎಣಿಸುವವರು ಯಾರು ಹಾಗಾದರೆ? ಆಯಮ್ಮ. ಪೆನ್ನಿಲ್ಲ, ಪುಸ್ತಕವಿಲ್ಲ. ಅವರ ಏಪ್ರನ್ನಿನ ಎಡಜೇಬಿನಲ್ಲಿ ಅಂಗಿಯ ಇಪ್ಪತ್ತು ಗುಂಡಿಗಳು. ಮಗು ಒಮ್ಮೆ ಕಚ್ಚಿದರೆ, ಒಮ್ಮೆ ಹಣೆ ಬಡಿದುಕೊಂಡರೆ, ಒಂದು ಗುಂಡಿ ಎಡದಿಂದ ಬಲಕ್ಕೆ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಬಲಜೇಬು ಖಾಲಿಮಾಡಿ ಕೊಡುತ್ತಾರೆ, ಮೇಡಂ ಹೊರಗೆ ಬೆಂಚಿನ ಮೇಲೆ ಕೂತು ಬರೆದುಕೊಳ್ಳುತ್ತಾರೆ. ಮೊದಲ ವಾರ ದಿನಕ್ಕೆ ಒಂಬತ್ತು. ಎರಡನೆಯ ವಾರ ಆರು. ಮೂರನೆಯ ವಾರ ಮತ್ತೆ ಏಳಕ್ಕೆ ಏರಿತು, ಮೇಡಂ ಊಟ ಬಿಟ್ಟರು. ಈ ವಾರ ಮೂರು, ಎರಡು, ಮೂರು, ಎರಡು. ಇವತ್ತೊಂದು ದಿನ ಬಾಕಿ.

ಎಂಟೂವರೆಗೆ ಮಕ್ಕಳ ವ್ಯಾನು ಬರುತ್ತದೆ, ಮೇಡಂ ಪಕ್ಕದ ಕೋಣೆ ಸೇರುತ್ತಾರೆ. ಅಲ್ಲಿ ಐದು ಮಕ್ಕಳು. ಒಬ್ಬನಿಗೆ ಶೂ ಲೇಸು ಕಟ್ಟಲು ಕಲಿಸುತ್ತ, ಇನ್ನೊಬ್ಬಳಿಗೆ ‘ಸಾಕು’ ಎಂಬ ಚಿತ್ರದ ಕಾರ್ಡು ತೋರಿಸಲು ಕಲಿಸುತ್ತ ಕೂತಿದ್ದರೂ ಕಿವಿ ಮಾತ್ರ ಗೋಡೆಯಾಚೆ. ಹತ್ತಕ್ಕೆ ಆಚೆಯಿಂದ ಧಡಾರ್ ಎಂಬ ಸದ್ದು, ಹಿಂದೆಯೇ ಒಂದು ಕಿರುಚು. ಮೇಡಂ ಎದ್ದೇಬಿಡುತ್ತಾರೆ. ಬಾಗಿಲ ತನಕ ಹೋಗಿ ಚಿಲಕದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಹೋದರೆ ನಾಲ್ಕು ವಾರ ನೀರುಪಾಲು, ಹೋಗದಿದ್ದರೆ ಒಳಗೆ ಏನಾಗಿದೆಯೋ. ಶೂ ಲೇಸಿನ ಹುಡುಗ ಬಂದು ಅಂಗಿ ಜಗ್ಗುತ್ತಾನೆ. ಮೇಡಂ ತಿರುಗಿ ಬಂದು ಕೂರುತ್ತಾರೆ, ಆದರೆ ಆಮೇಲಿನ ಒಂದೂವರೆ ಗಂಟೆಯಲ್ಲಿ ಅದೇ ಲೇಸನ್ನು ಮೂರು ಸಲ ತಪ್ಪಾಗಿ ಕಟ್ಟುತ್ತಾರೆ.

ಹನ್ನೊಂದೂವರೆ. ಮುಖ್ಯಶಿಕ್ಷಕಿಯ ಕೋಣೆಯಲ್ಲಿ ಹಿರಿಯ ಮನೋವಿಜ್ಞಾನಿ, ಅಪ್ಪ, ಮೇಡಂ. ಆಯಮ್ಮನನ್ನು ಕರೆಸುತ್ತಾರೆ. ಅವರು ಬಲಜೇಬಿಗೆ ಕೈ ಹಾಕಿ, ತಡಕಿ, ಮೇಜಿನ ಮೇಲೆ ಒಂದು ಬಿಳಿ ಗುಂಡಿ ಇಡುತ್ತಾರೆ. ಇನ್ನೂ ಬರಬಹುದೆಂದು ಎಲ್ಲರೂ ಕಾಯುತ್ತಾರೆ. ಬರುವುದಿಲ್ಲ.

“ಒಂದೇ” ಎನ್ನುತ್ತಾರೆ ಆಯಮ್ಮ. “ಅದೂ ನನ್ ತಪ್ಪು. ಮಗು ನೀರು ಕೇಳ್ತು, ನಾನು ಇನ್ನೊಂದು ಮಗೂನ ಕೈ ತೊಳೀತಿದ್ದೆ. ತಡವಾಯ್ತು.”

ಧಡಾರ್ ಎಂದದ್ದು ಇನ್ಯಾರೋ ಕೆಡವಿದ ಮರದ ಇಟ್ಟಿಗೆಗಳ ಡಬ್ಬಿ, ಕಿರುಚಿದ್ದೂ ಆ ಮಗುವೇ. ಚಿನಕುರಳಿ ಕಿವಿ ಮುಚ್ಚಿಕೊಂಡು ಮೇಜಿನಡಿ ಹೊಕ್ಕು, ತಾನಾಗಿಯೇ ಹೊರಬಂದಳಂತೆ. ಹಿರಿಯ ಮನೋವಿಜ್ಞಾನಿ ಫೈಲಿನ ಮೇಲೆ ಬೆರಳಾಡಿಸಿ, ಮಗು ಇಲ್ಲೇ ಇರಲಿ ಎನ್ನುತ್ತಾರೆ. ಅಪ್ಪನಿಗೆ ನಂಬಿಕೆ ಹುಟ್ಟುವುದಿಲ್ಲ. ಸೋಮವಾರ ಕರೆದುಕೊಂಡು ಬರಬಹುದಾ ಎಂದು ಕೇಳುತ್ತಾರೆ, ಹೌದೆಂದ ಮೇಲೂ ಇನ್ನೊಮ್ಮೆ ಕೇಳುತ್ತಾರೆ. ಮೇಡಂ ಅಳುತ್ತಾರೆ, ಮುಚ್ಚುಮರೆಯಿಲ್ಲದೆ, ಮೂಗು ಸೊರಸೊರ ಎನ್ನುವ ಹಾಗೆ.

ಎಲ್ಲರೂ ಎದ್ದ ಮೇಲೆ ಹಿರಿಯ ಮನೋವಿಜ್ಞಾನಿ ಮೇಡಂ ಅವರನ್ನು ಪಕ್ಕಕ್ಕೆ ಕರೆಯುತ್ತಾರೆ. ವರದಿಯಲ್ಲಿ ‘ವಾತಾವರಣದ ಕಾರಣಗಳು’ ಎಂದು ಬರೆದರೆ ಸಾಕು, ಸುಳ್ಳೇನಲ್ಲ, ನಿಮ್ಮ ಅರ್ಜಿಯ ಜೊತೆ ಈ ವರದಿಯೂ ಹೋಗುತ್ತದೆ, ನೋಡಿಕೊಂಡು ಬರೆಯಿರಿ ಎನ್ನುತ್ತಾರೆ. ಕಾಳಜಿಯಿಂದ ಹೇಳಿದ ಮಾತೇ. ಮೇಡಂ ತಲೆಯಾಡಿಸಿ, ಕಾರಿಡಾರಿನ ಬೆಂಚಿನ ಮೇಲೆ ಕೂತು, ವರದಿಯ ‘ಮುಂಚೆ ಏನಾಯಿತು’ ಎಂಬ ಮೊದಲ ಕಾಲಂನಲ್ಲಿ ದುಂಡಗೆ ಬರೆಯುತ್ತಾರೆ: ‘ಸಹಾಯಕ ಮನೋವಿಜ್ಞಾನಿ ಕೋಣೆಯೊಳಗೆ ಬಂದು, ಮಗುವನ್ನು ನೋಡಿ, ಬರೆಯತೊಡಗಿದರು.’

ಈ ಸಲವೂ ಕೋರ್ಸಿಗೆ ಸೀಟು ಸಿಗದಿದ್ದರೆ? ಮೇಡಂ ಪೆನ್ನಿನ ಮುಚ್ಚಳ ಹಾಕುತ್ತಾರೆ.

“ಸಿಗದಿದ್ರೆ ಮುಂದಿನ ವರ್ಷ ಹಾಕ್ತೀನಿ. ಆದ್ರೆ ಅವಳ ಫೈಲು ಇನ್ನೂ ಎಷ್ಟು ಜನರ ಕೈಗೆ ಹೋಗುತ್ತೋ. ತೆಗೆದು ಓದಿದವರಿಗೆ ಒಂದು ಗೊತ್ತಾಗ್ಬೇಕು. ಆ ಮಗು ಹೇಳ್ತಾನೇ ಇತ್ತು, ಕೇಳಿಸ್ಕೊಳ್ಳದೆ ಇದ್ದವಳು ನಾನು.”