ಮೂರನೆಯ ಸಿನಿಮಾ ಮತ್ತು ನನ್ನ ಎತ್ತರ

ಚಿಕ್ಕೋಡಿ ಕಡೆಯ ಮದುವೆಮನೆಗಳಲ್ಲಿ ಇಂದಿಗೂ ಯಾರಾದರೊಬ್ಬರು ನನ್ನತ್ತ ಕೈ ತೋರಿಸಿ, "ಸಣ್ಣಾಕಿ ಇದ್ದಾಗ ಸಿನಿಮಾದಾಗ ಇದ್ಲು. ಆಮ್ಯಾಲೆ ಪಾಪ, ಕೈಬಿಟ್ರು" ಎನ್ನುತ್ತಾರೆ. ಆ ‘ಪಾಪ’ವನ್ನು ನಾನು ಒಪ್ಪುವುದಿಲ್ಲ. ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಎಂಬತ್ತರ ದಶಕದ ಆರಂಭದಲ್ಲಿ, ಹತ್ತು ವರ್ಷ ತುಂಬುವುದರೊಳಗೆ, ನಾನು ಎರಡು ಮರಾಠಿ ಸಿನಿಮಾಗಳಲ್ಲಿ ನಟಿಸಿದ್ದೆ. ಮೊದಲನೆಯದರಲ್ಲಿ ಕಳೆದುಹೋದೆ, ಎರಡನೆಯದರಲ್ಲಿ ಜ್ವರ ಬಂದು ಸತ್ತೆ. ಮೂರನೆಯದರಲ್ಲಿ ಮಾತ್ರ ಪಾತ್ರವೆನ್ನಬಹುದಾದ ಪಾತ್ರ ಸಿಕ್ಕಿತು: ಮನೆ ಬಿಟ್ಟುಹೋದ ತಂದೆಯನ್ನು ಹುಡುಕಿಕೊಂಡು ಹೊರಡುವ ಮಗಳು. ಅದನ್ನು ಮುಗಿಸಬೇಕೆಂಬುದರ ಹೊರತು ಆಗ ನನಗೆ ಬೇರೇನೂ ಬೇಕಿರಲಿಲ್ಲ.

ಉಗಾರ ಬುದ್ರುಕದ ಹತ್ತಿರ ಕೃಷ್ಣೆಯ ದಂಡೆಯ ಮೇಲೆ ಅರ್ಧ ಚಿತ್ರೀಕರಣವಾಯಿತು. ತಂದೆಯ ಪಾತ್ರದ ನಾಯಕನಟನಿಗೆ ಬಿಡುವಿಲ್ಲದೆ ಉಳಿದರ್ಧ ಹದಿನಾಲ್ಕು ತಿಂಗಳು ನಿಂತಿತು. ಆ ಅವಧಿಯಲ್ಲಿ ನಾನು ಗೇಣುದ್ದ ಬೆಳೆದೆ.

ಕಂಪನಿಯ ಮ್ಯಾನೇಜರ್ ನಿಪ್ಪಾಣಿಯವರು. ಕರೋಶಿಯ ನಮ್ಮ ಮನೆಗೆ ಹಳೆಯ ಫೋಟೊ ಹಿಡಿದು ಬಂದರು. ಅದರಲ್ಲಿ ನನ್ನ ತಲೆ ನಾಯಕನ ಸೊಂಟದ ಪಟ್ಟಿಗಿತ್ತು. ನನ್ನನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ ಅವರು ತಲೆ ಚಚ್ಚಿಕೊಂಡರು.

"ಗೌಡ್ರ, ಹುಡುಗಿ ಭಾಳ ಬೆಳದಾಳಲ್ರಿ! ಇನ್ನೊಂದ್ ತಿಂಗಳ ಹಾಲು ತುಪ್ಪ ಬಂದ್ ಮಾಡ್ರಿ."

ಅಪ್ಪ ಆ ಫೋಟೊ ಕೈಗೆ ತೆಗೆದುಕೊಂಡು ನೋಡಿದ. ಒಳಗಿನಿಂದ ಅವ್ವ ಹೇಳಿದಳು: "ಹೊಲದಾಗ ಕಬ್ಬ ಐತಿ, ಅದಕ್ಕೂ ಬೆಳಿಬ್ಯಾಡ ಅಂತ ಹೇಳಿ ಹೋಗ್ರಿ ಅಣ್ಣಾರ."

ಆದರೂ ಹಾಲು ನಿಂತಿತು. ಎರಡನೆಯ ರೊಟ್ಟಿಯನ್ನಂತೂ ನಾನೇ ದೂರ ಸರಿಸಿದೆ; ಅದನ್ನು ಮುಚ್ಚಿಡಲಾರೆ. ಹಸಿದೆನೇ ಹೊರತು ಕುಳ್ಳಗಾಗಲಿಲ್ಲ.

ಚಿತ್ರೀಕರಣದ ದಿನ ನೆಲ ಮುಟ್ಟುವ ಪರಕಾರ, ಅಂದರೆ ಉದ್ದ ಲಂಗ, ಉಡಿಸಿ, ಅದರೊಳಗೆ ಮೊಣಕಾಲು ಬಗ್ಗಿಸಿ ನಡೆಯಲು ಹೇಳಿದರು. "ಬಾತುಕೋಳಿ ಬಂತ ನೋಡ್ರಿ" ಎಂದು ಮ್ಯಾನೇಜರ್ ನಕ್ಕರು. ನಾಲ್ಕು ಬಾರಿ ಹಾಗೆಯೇ ನಡೆದೆ. ಕೊನೆಗೆ ತಂದೆಯ ಎದುರು ನಿಂತು, ‘ನೀನು ಬರದೆ ನಾನು ಇಲ್ಲಿಂದ ಕದಲುವುದಿಲ್ಲ’ ಎಂಬರ್ಥದ ಮರಾಠಿ ಮಾತನ್ನು ಹೇಳಬೇಕಿತ್ತು. ನಾಲ್ಕು ಬಾರಿಯೂ ಅದು ಭಿಕ್ಷೆ ಬೇಡಿದಂತೆ ಕೇಳಿಸಿತು. ನಡುಗುವ ಕಾಲಿನ ಮೇಲೆ ಆ ಮಾತು ನಿಲ್ಲುತ್ತಿರಲಿಲ್ಲ.

ಐದನೆಯ ಬಾರಿ ನಾನು ನೆಟ್ಟಗೆ ನಿಂತು ಹೇಳಿದೆ. ನಾಯಕನಟ ತನ್ನ ಮಾತನ್ನೇ ಮರೆತು ನನ್ನನ್ನು ನೋಡಿದ.

"ಏ ಹುಡುಗಿ, ಬಗ್ಗ!" ಮ್ಯಾನೇಜರ್ ಕೂಗಿದರು.

"ಬಗ್ಗಂಗಿಲ್ರಿ. ಬಗ್ಗಿದ್ರ ಈ ಮಾತ ಬರಂಗಿಲ್ಲ."

"ಹಂಗಾದ್ರ ನಿನ್ನ ಜಾಗಾಕ್ಕ ಬ್ಯಾರೇದಾಕಿ ಬರ್ತಾಳ."

"ಬರ್ಲಿ. ಆಕಿನೂ ಬೆಳಿತಾಳ."

ಅಲ್ಲಿಗೆ ನನ್ನ ವೃತ್ತಿ ಮುಗಿಯಿತು. ಊರಿಗೆ ಮರಳುವ ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು ನಾನು ಅತ್ತೆ, ಆದರೆ ಕ್ಷಮೆ ಕೇಳಲಿಲ್ಲ. ಕಂಪನಿಯವರು ನನಗಿಂತ ಚಿಕ್ಕವಳೊಬ್ಬಳನ್ನು ತಂದು ಎಲ್ಲವನ್ನೂ ಮೊದಲಿನಿಂದ ಚಿತ್ರೀಕರಿಸಿದರು.

ಆ ಸಿನಿಮಾವನ್ನು ರಾಯಬಾಗದ ಥಿಯೇಟರಿನಲ್ಲಿ ನೋಡಿದೆ. ಹುಡುಗಿ ಚೆನ್ನಾಗಿಯೇ ನಟಿಸಿದ್ದಳು. ಆದರೆ ನದಿಯ ದಂಡೆಯ ಆ ದೃಶ್ಯದಲ್ಲಿ ಅವಳು ತಂದೆಯನ್ನು ತಬ್ಬಿಕೊಂಡು ಅಳುತ್ತಾಳೆ, ಅಷ್ಟೆ, ಮಾತನ್ನೇ ತೆಗೆದುಹಾಕಿದ್ದರು. ನನ್ನಂತೆ ಅದನ್ನು ಹೇಳುವವರು ಅವರಿಗೆ ಸಿಗಲಿಲ್ಲವೆಂದೇ ನಾನು ನಂಬಿದ್ದೇನೆ. ಅಲ್ಲವೆನ್ನುವವರು ನನ್ನೆದುರು ನಿಂತು ಹೇಳಲಿ.