ಟ್ರಯಲ್‌ನಲ್ಲಿ ಬಿಗಿಯಾದ ಬ್ಲೌಸ್

ಅಣ್ಣನ ಮದುವೆಗೆ ಹೊಲಿಸಿದ ಬ್ಲೌಸಿನ ಹುಕ್ಕು ಎಷ್ಟು ಎಳೆದರೂ ಕೂಡಲಿಲ್ಲ. "ಪೂರಾ ಹಾಳು ಮಾಡಿದ್ದೀರಿ, ಬಿಚ್ಚಿ ದೊಡ್ಡದು ಮಾಡಿ" ಎಂದು ಬೋಳಾರದ ಹೊಲಿಗೆ ಅಂಗಡಿಯಲ್ಲಿ ಟೈಲರ್ ಅಕ್ಕನ ಮೇಲೆ ಕೂಗಾಡಿ, ಅಲ್ಲೇ ಅತ್ತುಬಿಟ್ಟೆ.

ಸರದಿಗೆ ಕಾಯುತ್ತಿದ್ದ, ಬುರ್ಖಾ ತೊಟ್ಟ ಹೆಂಗಸೊಬ್ಬರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಮುಟ್ಟು ಹತ್ತಿರ ಬಂತಾ ಮಗಳೇ?" ಹೌದೆಂದು ತಲೆಯಾಡಿಸಿದೆ.

"ಹಾಗಾದ್ರೆ ಈಗ ಬಿಚ್ಚಿಸ್ಬೇಡ, ಮುಟ್ಟಿಗೆ ಮುಂಚೆ ಮೈ ಊದ್ತದೆ, ಆಮೇಲೆ ಇಳೀತದೆ, ಮದುವೆ ದಿನ ಲೂಸ್ ಆಗ್ತದೆ. ಆ ವಾರ ನನಗೂ ಹಾಕಿದ್ದೆಲ್ಲ ಬಿಗಿ, ಮಾತಾಡಿದವರ ಮೇಲೆಲ್ಲ ಸಿಟ್ಟು. ನಮ್ಮ ಯಜಮಾನ್ರು ಅವರ ಅಂಗಡಿ ಬಿಟ್ಟು ಮನೆಗೆ ಬರ್ಲಿಕ್ಕೇ ಹೆದರ್ತಾರೆ!" ಟೈಲರ್ ಅಕ್ಕನೂ ನಕ್ಕರು.

ಬಿಚ್ಚಿಸದೆ ತಂದ ಬ್ಲೌಸ್ ಮದುವೆಯಲ್ಲಿ ಸರಿಯಾಗಿಯೇ ಕೂತಿತು. ಅಮ್ಮನ ಬಳಿಯೂ ಆಡದ ಮಾತನ್ನು ಅಂದು ಅಪರಿಚಿತರ ಮುಂದೆ ಒಪ್ಪಿಕೊಂಡಿದ್ದೆ. ಈಗ ಆ ದಿನಗಳು ಹತ್ತಿರವಾದಾಗ ಸಿಟ್ಟು ಬಂದರೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಮನೆಯಲ್ಲಿ ನಾನೇ ಮೊದಲು ಹೇಳಿಬಿಡುತ್ತೇನೆ.