ಗೋವಿನಜೋಳದ ಬೆಂಡು ತಡೆಯದ ಸ್ಪಿರಿಟ್

ನಾನು ಚಿಕ್ಕವಳಿದ್ದಾಗ ಗಜೇಂದ್ರಗಡದ ನಮ್ಮ ಮನೆಯಲ್ಲಿ ಯಾವ ಬಾಟಲಿಗೂ ಅದರ ಸ್ವಂತ ಮುಚ್ಚಳ ಇರುತ್ತಿರಲಿಲ್ಲ. ಚಿಮಣಿ ಎಣ್ಣೆಯ ಬಾಟಲಿಗೆ ಕಾಳು ಬಿಡಿಸಿದ ಗೋವಿನಜೋಳದ ಬೆಂಡೇ ಬಿರಡೆ. ಬೆಂಡನ್ನು ಕೆತ್ತಿ ಬಾಟಲಿಯ ಬಾಯಿಗೆ ಕೂರಿಸುವುದರಲ್ಲಿ ನನ್ನದು ಪಳಗಿದ ಕೈ. ತಲೆಕೆಳಗು ಮಾಡಿದರೂ ಒಂದು ಹನಿ ಬೀಳುತ್ತಿರಲಿಲ್ಲ. ಅದರ ಸೊಕ್ಕೂ ನನಗಿತ್ತು.

ಅಪ್ಪ ಮರದ ಸಾಮಾನುಗಳಿಗೆ ಪಾಲಿಶ್ ಹಚ್ಚುತ್ತಿದ್ದ. ಅರಗಿನ ಹಳದಿ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಅರಿವೆಯ ಉಂಡೆಯಿಂದ ಮರದ ಮೇಲೆ ಸವರುತ್ತಿದ್ದ. ಸ್ಪಿರಿಟ್ ಗಾಳಿಗೆ ಹಾರಿ, ಅರಗು ಮಾತ್ರ ಕನ್ನಡಿಯಂತೆ ಉಳಿಯುತ್ತಿತ್ತು. ಅದನ್ನು ದಿನವೂ ನೋಡುತ್ತಿದ್ದ ನನಗೆ, ಡಬ್ಬಿಯೊಳಗಿಂದಲೂ ಅದು ಹಾರಬಹುದೆಂದು ಹೊಳೆಯಲಿಲ್ಲ.

ಒಂದು ಬೇಸಿಗೆ ನರಗುಂದದ ಮನೆಯೊಂದರಿಂದ ತೇಗದ ತೊಟ್ಟಿಲು ಬಂತು. ಕೂಸಿಗೆ ಹೆಸರಿಡುವ ದಿನ ಅದು ಹೊಳೆಯುತ್ತ ಅವರ ಮನೆಯಲ್ಲಿರಬೇಕಿತ್ತು. ಅಪ್ಪ ಹೊರಮೈ ಮುಗಿಸಿ, ಒಳಮೈ ಬಾಕಿ ಇಟ್ಟು, ಬೇರೆ ಕೆಲಸಕ್ಕೆಂದು ನಾಲ್ಕು ದಿನ ರೋಣಕ್ಕೆ ಹೊರಟ. ಸ್ಪಿರಿಟ್ ಡಬ್ಬಿಯ ತಿರುಪಿನ ಮುಚ್ಚಳ ಸಿಗಲಿಲ್ಲ.

“ಹುಡುಕಿ ಬಿಗಿ ಹಚ್ಚಿಡವಾ,” ಎಂದು ನನಗೆ ಹೇಳಿ ಹೋದ.

ನಾನು ಹುಡುಕಲಿಲ್ಲ. ಒಂದು ಬೆಂಡು ಕೆತ್ತಿದೆ, ಗುದ್ದಿ ಕೂರಿಸಿದೆ, ಡಬ್ಬಿಯನ್ನು ಅಪ್ಪನ ಕೆಲಸದ ಕೋಣೆಯಲ್ಲಿ, ಕಾದ ತಗಡಿನ ಮಾಡಿನ ಕೆಳಗಿನ ಹಲಗೆಯ ಮೇಲಿಟ್ಟೆ.

ಹೆಸರಿಡುವ ಹಿಂದಿನ ದಿನ ಅಪ್ಪ ಬಂದು ಕೋಣೆಯ ಬಾಗಿಲು ತೆರೆದ. ಘಾಟು ಮೂಗಿಗೆ ಹೊಡೆಯಿತು. ಪಕ್ಕದ ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

“ಮೊದಲ ಒಲಿ ಆರಸು, ಲಗೂ,” ಎಂದ ಅಪ್ಪ.

“ಇನ್ನಾ ಎರಡು ರೊಟ್ಟಿ ಅದಾವಪಾ.”

“ರೊಟ್ಟಿ ಆಮ್ಯಾಲ. ಆರಸು.”

ಒಲೆ ಚುಯ್ ಎಂದು ಆರಿತು. ಬಾಗಿಲು, ಕಿಟಕಿ ಎಲ್ಲ ತೆರೆದ ಮೇಲೆ ಅಪ್ಪ ಡಬ್ಬಿ ಎತ್ತಿದ. ತಳದಲ್ಲಿ ಒಂದಿಷ್ಟು ಮಾತ್ರ ಅಲುಗಿತು. ಹಲಗೆ ಒಣಗಿಯೇ ಇತ್ತು, ಬೆಂಡೂ ಕದಲಿರಲಿಲ್ಲ. ಹನಿಯನ್ನು ತಡೆದ ಬೆಂಡು ಆವಿಯನ್ನು ತಡೆದಿರಲಿಲ್ಲ.

“ನಿನ್ನ ಬೆಂಡಿಗೆ ಒಂದು ಹಾರಾ ಹಾಕೂಣೇನ?” ಎಂದಳು ಅಕ್ಕ.

ಹೊಸ ಸ್ಪಿರಿಟ್ ಗದಗಿನಿಂದ ಬರಬೇಕಿತ್ತು. ಅಷ್ಟು ಹೊತ್ತಿರಲಿಲ್ಲ. ಮರುದಿನ ತೊಟ್ಟಿಲನ್ನು ಹಾಗೇ ನರಗುಂದಕ್ಕೆ ಒಯ್ದೆವು. ಕೂಸಿನ ಅಜ್ಜಿ ಒಳಗೆ ಕೈಯಾಡಿಸಿದರು.

“ಇದೇನ್ರಿ, ಹೊರಗ ಫಳಫಳಾ, ಒಳಗ ಒಣಾ ಒಣಾ?”

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. “ಬೇಕಂತನ ಬಿಟ್ಟೇವ್ರಿ ಅಮ್ಮಾರ. ಕೂಸು ಕಟ್ಟಿಗಿ ಚೀಪತೈತಿ. ಪಾಲಿಶ್ ಹೊಟ್ಟ್ಯಾಗ ಹೋಗಬಾರದಲ್ರಿ.”

ಅಜ್ಜಿ ನಕ್ಕರು. “ಈಕಿ ಸಂತ್ಯಾಗ ಕುಂತ್ರ ಬಿಸಲೂ ಮಾರತಾಳ.”

ಅವರು ಒಪ್ಪಿದಂತೆಯೇ ಇತ್ತು. ಆದರೆ ಅಪ್ಪ ತಲೆ ಅಲ್ಲಾಡಿಸಿದ. “ಹಂಗಲ್ರಿ. ನನ್ನ ಡಬ್ಬಿ ಮುಚ್ಚಳಾ ಸರಿ ಇರಲಿಲ್ಲ, ಸ್ಪಿರಿಟ್ ಹಾರಿ ಹೋತು. ಕಾರ್ಯ ಮುಗೀಲಿ, ಬಂದು ಹಚ್ಚಿ ಕೊಡ್ತೀನ್ರಿ.”

‘ನನ್ನ ಡಬ್ಬಿ’ ಎಂದ. ನನ್ನ ಹೆಸರು ಬರಲಿಲ್ಲ. ಅಜ್ಜಿ ನನ್ನನ್ನೊಮ್ಮೆ ನೋಡಿ, ಕೌದಿ ಮಡಚಿ ತೊಟ್ಟಿಲೊಳಗೆ ಹಾಸಿದರು. “ಇವತ್ತಿಗೆ ಯಾರಿಗೂ ಕಾಣೂದಿಲ್ಲ ಬಿಡ್ರಿ. ಬರೂ ಮುಂದ ಈ ವ್ಯಾಪಾರಗಿತ್ತಿನ್ನೂ ಕರಕೊಂಡು ಬರ್ರಿ. ಒಳಗಿಂದು ಈಕಿ ಕೈಲೆ ಆಗಲಿ.”

ಹಾಗೇ ಆಯಿತು. ನಾನು ಹಚ್ಚಿದ ಮೊದಲ ಪಾಲಿಶ್ ಅದು. ಕಳೆದ ಮುಚ್ಚಳ ಅಪ್ಪನ ಅರಿವೆಗಳ ಕೆಳಗೇ ಇತ್ತು. ಹುಡುಕಿದ್ದರೆ ಆಗಲೇ ಸಿಗುತ್ತಿತ್ತು.

ಮುಂದೆ ನಾನೇ ಬಣ್ಣದ ಅಂಗಡಿ ಇಟ್ಟೆ. ಥಿನ್ನರ್ ಒಯ್ಯುವವರಿಗೆ, ಅವರು ಕೇಳದಿದ್ದರೂ, ಹೇಳುತ್ತೇನೆ: ಬಂದ ಡಬ್ಬಿಯಲ್ಲೇ ಇಡಿ, ನೀರಿನ ಬಾಟಲಿಗೆ ಸುರಿಯಬೇಡಿ. ಮುಚ್ಚಳದೊಳಗಿನ ವಾಷರ್ ಹರಿದಿದ್ದರೆ ಡಬ್ಬಿಯನ್ನೇ ಕೊಳ್ಳಬೇಡಿ, ಬೆಲೆ ಎಷ್ಟೇ ಇಳಿಸಲಿ. ಗಾಳಿಯಾಡುವ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಕೆಳಗೊಂದು ತಗಡಿನ ತಾಟು ಇಟ್ಟರೆ, ಸೋರಿದ್ದು ತಾಟಿನಲ್ಲೇ ಕಾಣುತ್ತದೆ. ಕಂಠದವರೆಗೆ ತುಂಬಬಾರದು, ಸೆಕೆಗೆ ಅದು ಉಬ್ಬುತ್ತದೆ. ಬೀಡಿ, ಒಲೆ, ಮಕ್ಕಳು, ಮೂವರೂ ದೂರ.

ಮೊಮ್ಮಕ್ಕಳೇ, ನಿಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ಅದರದೇ ಮುಚ್ಚಳವಿದೆ, ಒತ್ತಿದರೆ ಟಕ್ ಎನ್ನುವಂಥದ್ದು. ಬೆಂಡು ಕೆತ್ತುವ ಕೆಲಸ ನಿಮಗಿಲ್ಲ. ನಿನ್ನೆ ನಿಮ್ಮ ಮಂಚದ ಕೆಳಗೆ ಗುಡಿಸುವಾಗ ಒಣಗಿದ ಸ್ಕೆಚ್ ಪೆನ್ನು ಏಳು ಸಿಕ್ಕವು. ಮುಚ್ಚಳಗಳೂ ಅಲ್ಲೇ ಇದ್ದವು, ಒಂದು ಗೇಣು ದೂರದಲ್ಲಿ.